ಉತಾರಕ್ಕೆ ಅರ್ಜಿ ಹಾಕುವ ಕರು

ಧಾರವಾಡ ಜಿಲ್ಲೆಯ ಮಿಶ್ರಿಕೋಟಿಯ ಕಡೆ ಎಮ್ಮೆ ಈದರೆ ಮೊದಲು ಕೇಳುವುದು ಕರು ಹೆಣ್ಣೋ ಗಂಡೋ ಎಂದು. ಆಮೇಲಿನ ಮಾತೆಲ್ಲ ಗಿಣ್ಣದ್ದು. ಕೆಲವು ವಾರಗಳ ಹಿಂದೆ ಬತ್ತಿ ಜೋತಿದ್ದ ಕೆಚ್ಚಲು ಈಗ ಬಿಗಿದು ನಿಂತಿರುತ್ತದೆ. ಹಾಲಿನ ಜೀನುಗಳೇನೂ ಹೊಸದಾಗಿ ಬಂದದ್ದಲ್ಲ. ಹುಟ್ಟಿದಾಗಿನಿಂದ ಎಮ್ಮೆಯ ಮೈಯೊಳಗೇ ಇವೆ. ಚರ್ಮದ ಕೋಶದಲ್ಲೂ ಇವೆ, ಆದರೆ ಚರ್ಮ ಹಾಲು ಕೊಡುವುದಿಲ್ಲ.

ಹೊಲದ ಉತಾರ ತೆಗೆಸಿದವರಿಗೆ ಇದರ ಗುಟ್ಟು ಬೇಗ ಹಿಡಿಯುತ್ತದೆ. ಇಡೀ ಊರಿನ ದಫ್ತರು ಕಚೇರಿಯಲ್ಲೇ ಉಳಿಯುತ್ತದೆ; ನಮ್ಮ ಸರ್ವೆ ನಂಬರಿನ ನಕಲಷ್ಟೇ ಕೈಗೆ ಬರುತ್ತದೆ. ಜೀವಕೋಶದ ದಫ್ತರು ಡಿಎನ್‌ಎ, ಒಂದು ಜೀನಿನ ಆರ್‌ಎನ್‌ಎ ನಕಲು ಅದರ ಉತಾರ. ಯಾವ ಪುಟದ ನಕಲು ಯಾವಾಗ ತೆಗೆಯಬೇಕೆಂದು ಗೊತ್ತುಮಾಡುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಜೀನಿನ ಬಳಿಯ ಗುರುತಿನ ಅಕ್ಷರಗಳನ್ನು ಹಿಡಿದು ಕೂತು ಅವು ನಕಲು ತೆಗೆಸುತ್ತವೆ, ಇಲ್ಲವೆ ತಡೆಯುತ್ತವೆ.

ಮಿದುಳಿನ ಅಡಿಯಲ್ಲಿರುವ ಪುಟ್ಟ ಪಿಟ್ಯುಟರಿ ಗ್ರಂಥಿಯಲ್ಲಿ ಇಂಥದೊಂದು ಪ್ರೋಟೀನ್ ಇದೆ: ಪಿಟ್-1. ಇದರ ಜೀನ್ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1988ರಲ್ಲಿ. ಈಯುವ ಹೊತ್ತಿಗೆ ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್, ದನಗಳಲ್ಲಿ ಆ ಹಾಲನ್ನು ತಿಂಗಳುಗಟ್ಟಲೆ ಕಾಯುವ ಬೆಳವಣಿಗೆಯ ಹಾರ್ಮೋನು, ಥೈರಾಯ್ಡನ್ನು ಎಬ್ಬಿಸುವ ಹಾರ್ಮೋನು, ಮೂರಕ್ಕೂ ಅದೇ ಬೇಕು. 1929ರಲ್ಲಿ ವರ್ಣಿಸಲಾದ ಸ್ನೆಲ್ ಕುಬ್ಜ ಇಲಿಯಲ್ಲಿ ಈ ಮೂರೂ ಇರಲಿಲ್ಲ. ಪಿಟ್-1ರ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದು ಅದಕ್ಕೆ ಕಾರಣವೆಂದು 1990ರಲ್ಲಿ ತಿಳಿಯಿತು.

ಹಾಗಾದರೆ ಒಂದು ಕೋಶ ಪ್ರೊಲ್ಯಾಕ್ಟಿನ್ನನ್ನೂ ಪಕ್ಕದ ಕೋಶ ಬೆಳವಣಿಗೆಯ ಹಾರ್ಮೋನನ್ನೂ ಮಾಡುವುದು ಹೇಗೆ? ಎರಡರಲ್ಲೂ ಇರುವುದು ಅದೇ ಪಿಟ್-1 ತಾನೆ? 2000ದಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿತು. ಬೆಳವಣಿಗೆಯ ಹಾರ್ಮೋನಿನ ಜೀನಿನಲ್ಲಿ ಪಿಟ್-1 ಕೂರುವ ಜಾಗಕ್ಕೆ ಎರಡು ಅಕ್ಷರ ಹೆಚ್ಚು. ಅದರಿಂದ ಅದು ಕೂರುವ ಭಂಗಿಯೇ ಬೇರೆ. ಪ್ರೊಲ್ಯಾಕ್ಟಿನ್ ಕೋಶದಲ್ಲಿ ಆ ಭಂಗಿ ತಡೆಯುವ ಪ್ರೋಟೀನುಗಳನ್ನು ಕರೆದು ಪುಟ ಮುಚ್ಚಿಸುತ್ತದೆ. ಪ್ರೊಲ್ಯಾಕ್ಟಿನ್ ಪುಟದ ಮೇಲಾದರೆ ಈಸ್ಟ್ರೊಜೆನ್ನಿನ ಗ್ರಾಹಕ ಬಂದು ಪಿಟ್-1ಗೆ ಕೈಜೋಡಿಸುತ್ತದೆ.

ಹೀಗೆ ಹೊರಟ ಪ್ರೊಲ್ಯಾಕ್ಟಿನ್ ರಕ್ತದಲ್ಲಿ ಹರಿದು ಕೆಚ್ಚಲು ಮುಟ್ಟಿದಾಗ ಅಲ್ಲಿ ಸ್ಟ್ಯಾಟ್-5 ಎಂಬ ಇನ್ನೊಂದು ಫ್ಯಾಕ್ಟರ್ ಎಚ್ಚೆತ್ತು ಹಾಲಿನ ಪ್ರೋಟೀನಾದ ಕೇಸಿನ್ನಿನ ಜೀನಿನ ಉತಾರ ತೆಗೆಸುತ್ತದೆ. ಪೇಢಾದ ಖೋವಾಕ್ಕೆ ಮೈ ಕೊಡುವುದರಲ್ಲಿ ಈ ಕೇಸಿನ್ನಿನ ಪಾಲೂ ಇದೆ.

ಇದೇ ಸೀಮೆಯ, ಕುಡುಗೋಲಿನಂಥ ಕೊಂಬಿನ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಹಾಲಿನ ಲೆಕ್ಕದಲ್ಲಿ ಅದು ಮುರ್ರಾ ತಳಿಗೆ ಸಾಟಿಯಲ್ಲ ನಿಜ. ಆದರೆ ಆ ಅಂತರವನ್ನು ಯಾವುದೋ ಒಂದು ಜೀನಿನ ಮೇಲೆ ಹಾಕಲಾಗದು. ಹಲವು ಜೀನು, ಮೇವು, ಆರೈಕೆ ಎಲ್ಲ ಕೂಡಿದ ಲೆಕ್ಕ ಅದು.

ಇನ್ನು ಪಿಟ್-1 ಇದ್ದರಷ್ಟೇ ಸಾಲದು: ಮಿದುಳಿನಿಂದ ಇಳಿಯುವ ಡೋಪಮೈನ್ ಸದಾ ಪ್ರೊಲ್ಯಾಕ್ಟಿನ್ನಿನ ಪುಟ ಒತ್ತಿ ಹಿಡಿದಿರುತ್ತದೆ. ಕರು ಕೆಚ್ಚಲಿಗೆ ಬಾಯಿ ಹಾಕಿ ಗುದ್ದಿದರೆ ಸುದ್ದಿ ನರಗಳ ಗುಂಟ ಮಿದುಳಿಗೆ ಏರುತ್ತದೆ, ಆ ಹಿಡಿತ ಸಡಿಲಾಗುತ್ತದೆ. ದಫ್ತರು ಎಮ್ಮೆಯದು, ಕಾರಕೂನ ಪಿಟ್-1. ಅರ್ಜಿ ಮಾತ್ರ ಕರುವಿನದು.