ಹೊಗೆಗೂಡಿನ ಸುತ್ತಲಿನ ಸೋರಿಕೆ: ದುರಸ್ತಿಯೋ, ಬದಲಾವಣೆಯೋ, ವೆಚ್ಚವೆಷ್ಟು?

ಕಳೆದ ಮಳೆಗಾಲದಲ್ಲಿ ಮನೆ ಹಾನಿಯ ಪರಿಶೀಲನೆಗೆಂದು ಹೆಂಚಿನ ಮನೆಯೊಂದಕ್ಕೆ ಹೋಗಿದ್ದೆ. ಅಡುಗೆಮನೆಯ ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ಒಲೆಯ ಹೊಗೆ ಕೊಳವೆಯನ್ನು ಕಿತ್ತು ಮೂಲೆಗೆ ಒರಗಿಸಿ, ಮಾಡಿನ ರಂಧ್ರಕ್ಕೆ ಟಾರ್ಪಾಲು ಹೊದಿಸಲಾಗಿತ್ತು. ವಿಚಾರಿಸಿದಾಗ ಮನೆಯ ಹಿರಿಯರಾದ ಅಜ್ಜಿ, ಕೆಮ್ಮುತ್ತಲೇ, "ಮೂರು ವರ್ಷ ಸಿಮೆಂಟು ಮೆತ್ತಿಸಿದೆವು, ಸೋರುವುದು ನಿಲ್ಲಲಿಲ್ಲ. ಕೊಳವೆಯೇ ಬೇಡವೆಂದು ತೆಗೆಸಿದೆವು" ಎಂದರು. ಸೋರಿಕೆಯೊಂದನ್ನು ತಡೆಯಲು ಹೋಗಿ ಮನೆಯವರು ಹೊಗೆಯನ್ನು ಒಳಗೆ ಬರಮಾಡಿಕೊಂಡಿದ್ದರು. ಮಲೆನಾಡಿನ ಹಲವು ಮನೆಗಳಿಗೆ ಉಪಯೋಗವಾಗಬಹುದೆಂಬ ಕಾರಣಕ್ಕೆ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಸೋರಿಕೆ ಏಕೆ ಉಂಟಾಗುತ್ತದೆ?

ಇಳಿಜಾರಾದ ಮಾಡಿನಲ್ಲಿ ಹೆಂಚುಗಳು ಒಂದರ ಮೇಲೊಂದು ಹೊದ್ದುಕೊಂಡು ನೀರನ್ನು ಕೆಳಗೆ ಹರಿಸುತ್ತವೆ. ಹೊಗೆಗೂಡು ಮಾಡನ್ನು ಸೀಳಿಕೊಂಡು ಮೇಲೇಳುವ ಜಾಗದಲ್ಲಿ ಮಾತ್ರ ಈ ಹೊದಿಕೆ ಕಡಿದುಹೋಗುತ್ತದೆ. ಮೇಲಿನಿಂದ ಹರಿದು ಬಂದ ನೀರು ಗೂಡಿನ ಬೆನ್ನಿಗೆ ಬಡಿದು ಅಲ್ಲಿಯೇ ನಿಲ್ಲುತ್ತದೆ. ತರಗೆಲೆ ಸೇರಿದರೆ ಅದೊಂದು ಸಣ್ಣ ಕಟ್ಟೆಯೇ ಆಗುತ್ತದೆ.

ಈ ಸಂದಿಗೆ ಗಾರೆ ಮೆತ್ತುವುದು ರೂಢಿ. ಆದರೆ ಇಟ್ಟಿಗೆ, ಹೆಂಚು, ಮರ ಹಾಗೂ ಲೋಹಗಳು ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಒಲೆ ಉರಿದಾಗ ಗೂಡು ಕಾಯುತ್ತದೆ, ಮಳೆ ಬಿದ್ದಾಗ ತಣಿಯುತ್ತದೆ. ಸಿಮೆಂಟು ಗಾರೆಗೆ ಬಾಗುವ ಗುಣವಿಲ್ಲದ ಕಾರಣ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರಿಗೆ ಅಷ್ಟೇ ಸಾಕು. ಮೇಲ್ನೋಟಕ್ಕೆ ಗಾರೆ ಗಟ್ಟಿಯಾಗಿಯೇ ಕಾಣುವುದರಿಂದ, ಒಳಗೆ ರೀಪು ಮತ್ತು ಪಕಾಸುಗಳು ಕೊಳೆಯುತ್ತಿರುವುದು ಗಮನಕ್ಕೆ ಬರುವುದಿಲ್ಲ.

ಸರಿಯಾದ ಪರಿಹಾರವೆಂದರೆ ಎರಡು ಪದರದ ತಗಡಿನ ಪಟ್ಟಿ. ತಗಡು ಕೆಲಸದವರು ಇದನ್ನು ಫ್ಲ್ಯಾಶಿಂಗ್ ಎನ್ನುತ್ತಾರೆ. ಅಡಿ ತಗಡು ಮಾಡಿನ ಮೇಲೆ ಮಲಗಿ ಗೂಡಿನ ಗೋಡೆಗೆ ಸುಮಾರು 6 ಅಂಗುಲ ಏರಿ ನಿಲ್ಲುತ್ತದೆ. ಮೇಲ್ತಗಡಿನ ಅಂಚು ಇಟ್ಟಿಗೆ ಸಂದಿಯೊಳಗೆ ಸುಮಾರು 1 ಅಂಗುಲ ಹೊಕ್ಕು, ಅಡಿ ತಗಡಿನ ಮೇಲೆ ಇಳಿಬೀಳುತ್ತದೆ. ಇವೆರಡನ್ನೂ ಒಂದಕ್ಕೊಂದು ಬಿಗಿಯಬಾರದು. ಹಿಗ್ಗಿ ಕುಗ್ಗುವಾಗ ಒಂದರ ಮೇಲೊಂದು ಜಾರಲು ಅವಕಾಶವಿರಬೇಕು.

ಮೊದಲು ಕಾರಣ ತಿಳಿಯಿರಿ

ಹೊಗೆಗೂಡಿನ ಬಳಿ ಬೀಳುವ ಹನಿಯೆಲ್ಲವೂ ತಗಡಿನ ದೋಷದಿಂದಲೇ ಬರುವುದಲ್ಲ. ಕೂಲಿಯಾಳನ್ನು ಕರೆಯುವ ಮೊದಲು ಮೂರು ಅಂಶಗಳನ್ನು ಪರೀಕ್ಷಿಸಬೇಕು.

1. ಗೂಡಿನ ಬಾಯಿಗೆ ಟೋಪಿ ಇಲ್ಲದಿದ್ದರೆ ಮಳೆನೀರು ನೇರವಾಗಿ ಒಳಗೇ ಇಳಿಯುತ್ತದೆ. ಆಗ ಬೇಕಿರುವುದು ಟೋಪಿ ಮಾತ್ರ.

2. ಮಳೆಯಿಲ್ಲದ ದಿನವೂ ಕಂದು ಬಣ್ಣದ ಹನಿ ಬೀಳುತ್ತಿದ್ದರೆ, ಅದು ಹಸಿ ಸೌದೆಯ ಹೊಗೆ ತಣಿದು ನೀರಾಗಿರುವುದು. ಒಣ ಸೌದೆ ಬಳಸಿ, ಕೊಳವೆಯ ಮಸಿ ತೆಗೆಯಬೇಕು.

3. ಇವೆರಡೂ ಅಲ್ಲವಾದರೆ, ಬಿಸಿಲಿನ ದಿನ ಒಬ್ಬರು ಒಳಗೆ ನಿಂತು ನೋಡುತ್ತಿರಲಿ. ಮತ್ತೊಬ್ಬರು ಏಣಿಯ ಮೇಲಿಂದ ಮೊದಲು ಗೂಡಿನ ಕೆಳಭಾಗಕ್ಕೆ, ಬಳಿಕ ಪಕ್ಕಗಳಿಗೆ, ಕೊನೆಗೆ ಬೆನ್ನಿನ ಭಾಗಕ್ಕೆ ನಿಧಾನವಾಗಿ ನೀರು ಸುರಿಯಲಿ. ಮೊದಲೇ ಮೇಲಿನಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ದೋಷವಿರುವ ಜಾಗ ತಿಳಿಯುವುದಿಲ್ಲ.

ಇದೇ ವೇಳೆ ಒಳಗಿನಿಂದ ಪಕಾಸನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಮೊನೆ ಸುಲಭವಾಗಿ ಒಳಹೊಕ್ಕರೆ ಮರ ಕೊಳೆತಿದೆ ಎಂದೇ ಅರ್ಥ.

ವೆಚ್ಚದ ಲೆಕ್ಕ

2 ಅಡಿ ಚೌಕದ ಇಟ್ಟಿಗೆ ಗೂಡನ್ನು ತೆಗೆದುಕೊಳ್ಳೋಣ. ಮಾಡಿನ ಇಳಿಜಾರು ಮತ್ತು ಮೂಲೆಗಳ ಹೊದಿಕೆ ಸೇರಿ ಸುತ್ತಳತೆ ಸುಮಾರು 11 ಅಡಿ. ಅಡಿ ತಗಡು 1 ಅಡಿ ಅಗಲ, ಮೇಲ್ತಗಡು ಅರ್ಧ ಅಡಿ ಅಗಲ, ಒಟ್ಟು 16.5 ಚದರ ಅಡಿ. ಕತ್ತರಿಸುವಾಗ ವ್ಯರ್ಥವಾಗುವುದನ್ನು ಸೇರಿಸಿ 20 ಚದರ ಅಡಿ ಎಂದಿಟ್ಟುಕೊಳ್ಳಬಹುದು.

ಲೆಕ್ಕದ ಅನುಕೂಲಕ್ಕಾಗಿ ಕುಶಲಕರ್ಮಿಗೆ ದಿನಕ್ಕೆ 1,000 ರೂ., ಸಹಾಯಕರಿಗೆ 700 ರೂ., ಮಡಚುವ ಕೂಲಿ ಸೇರಿ ಜಿ.ಐ. ತಗಡಿಗೆ ಚದರ ಅಡಿಗೆ 60 ರೂ. ಎಂದು ಭಾವಿಸಲಾಗಿದೆ. ಇದು ಸರ್ಕಾರಿ ದರಪಟ್ಟಿಯಲ್ಲ. ತಮ್ಮ ಊರಿನ ದರವನ್ನು ಹಾಕಿಕೊಂಡು ಲೆಕ್ಕ ಮಾಡಬೇಕು.

ಮೊದಲ ಹಂತ: ತಗಡು ಚೆನ್ನಾಗಿದ್ದು ಸಂದಿ ಮಾತ್ರ ಬಿಟ್ಟಿರುವುದು. ಒಂದು ದಿನದ ಕೆಲಸಕ್ಕೆ ಕೂಲಿ 1,700 ರೂ., ಸೀಲೆಂಟ್ ಮತ್ತು ನಾಲ್ಕಾರು ಹೆಂಚಿಗೆ 600 ರೂ. ಒಟ್ಟು 2,300 ರೂ.

ಎರಡನೆಯ ಹಂತ: ತಗಡು ತುಕ್ಕು ಹಿಡಿದಿರುವುದು ಅಥವಾ ತಗಡೇ ಇಲ್ಲದಿರುವುದು. ಗಾರೆ ಕೆಲಸದವರು, ತಗಡು ಕೆಲಸದವರು ಮತ್ತು ಸಹಾಯಕರು ಸೇರಿ ಎರಡು ದಿನಕ್ಕೆ 5,400 ರೂ., ತಗಡಿಗೆ 1,200 ರೂ., ಇತರೆ ಸಾಮಗ್ರಿಗೆ 900 ರೂ. ಒಟ್ಟು 7,500 ರೂ.

ಮೂರನೆಯ ಹಂತ: ಮರವೂ ಕೊಳೆತಿರುವುದು. ಮೇಲಿನ 7,500 ರೂ. ಜೊತೆಗೆ ಬಡಗಿ ಮತ್ತು ಸಹಾಯಕರಿಗೆ ಎರಡು ದಿನದ ಕೂಲಿ 3,400 ರೂ., ಮರಕ್ಕೆ 3,000 ರೂ., ಹೆಂಚಿಗೆ 600 ರೂ. ಒಟ್ಟು 14,500 ರೂ.

ಈ ಲೆಕ್ಕದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಎರಡನೆಯ ಹಂತದ ವೆಚ್ಚದಲ್ಲಿ ಕೂಲಿಯ ಪಾಲೇ ಶೇ. 72. ದುಪ್ಪಟ್ಟು ಬೆಲೆಯ ಉತ್ತಮ ತಗಡು ಹಾಕಿಸಿದರೂ ಹೆಚ್ಚುವುದು 1,200 ರೂ. ಮಾತ್ರ. ಆದ್ದರಿಂದ ತಗಡಿನಲ್ಲಿ ಉಳಿತಾಯ ಮಾಡಹೋಗುವುದು ಜಾಣತನವಲ್ಲ. ಎರಡನೆಯದು, ವರ್ಷಕ್ಕೊಮ್ಮೆ ಗಾರೆ ಮೆತ್ತಿಸಲು 2,000 ರೂ. ಕೊಡುವವರು ನಾಲ್ಕೇ ವರ್ಷಗಳಲ್ಲಿ 8,000 ರೂ. ವ್ಯಯಿಸಿರುತ್ತಾರೆ. ಹೊಸ ತಗಡಿನ ಹಣ ಆಗಲೇ ಕೈಬಿಟ್ಟಿರುತ್ತದೆ, ಸೋರಿಕೆ ಮಾತ್ರ ಉಳಿದಿರುತ್ತದೆ. ಆ ಅವಧಿಯಲ್ಲಿ ಮರ ಕೊಳೆತರೆ ಮನೆ ಮೂರನೆಯ ಹಂತಕ್ಕೆ ಬಂದು ನಿಲ್ಲುತ್ತದೆ.

ಕೆಲಸ ಮಾಡಿಸುವಾಗ ಗಮನಿಸಬೇಕಾದವು

• ತಗಡನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತ ಬರಬೇಕು. ಮುಂಭಾಗದ ತಗಡು ಕೆಳಗಿನ ಹೆಂಚಿನ ಮೇಲೆ ಬರಬೇಕು, ಬೆನ್ನಿನ ತಗಡು ಮೇಲಿನ ಹೆಂಚಿನ ಅಡಿಗೆ ಹೋಗಬೇಕು. ಇದು ಅದಲುಬದಲಾದರೆ ಎಷ್ಟು ಖರ್ಚು ಮಾಡಿದರೂ ಸೋರುತ್ತದೆ.

• ಗೂಡು ಎರಡೂವರೆ ಅಡಿಗಿಂತ ಅಗಲವಾಗಿದ್ದರೆ, ನೀರು ಎರಡು ಬದಿಗೆ ಸೀಳಿ ಹರಿಯುವಂತೆ ಬೆನ್ನಿಗೆ ಪುಟ್ಟ ಇಳಿಜಾರು ಮಾಡಿಸಬೇಕು.

• ಅಲ್ಯೂಮಿನಿಯಂ ತಗಡಿಗೆ ಹಸಿ ಸಿಮೆಂಟು ನೇರವಾಗಿ ತಗುಲಿದರೆ ಲೋಹ ಸವೆಯುತ್ತದೆ. ತಾಮ್ರ ಮತ್ತು ಜಿ.ಐ. ತಗಡುಗಳನ್ನು ಒಟ್ಟಿಗೆ ಬಳಸಬಾರದು.

• ಮಾಡಿನ ನೀರನ್ನು ಕುಡಿಯಲು ಸಂಗ್ರಹಿಸುವ ಮನೆಗಳಲ್ಲಿ ಸೀಸದ ತಗಡು ಸಲ್ಲದು. ಸೀಸವು ವಿಷಕಾರಿ.

• ಲೋಹದ ಹೊಗೆ ಕೊಳವೆಗೆ ಡಾಂಬರಿನ ಪಟ್ಟಿ ಅಂಟಿಸಬಾರದು. ಶಾಖ ತಡೆಯುವ ಸೀಲೆಂಟನ್ನೇ ಬಳಸಬೇಕು. ಕೊಳವೆಗೆ ಮರ ತಾಗದಂತೆ ಸಾಕಷ್ಟು ಅಂತರವಿರಬೇಕು. ಇಲ್ಲವಾದರೆ ಬೆಂಕಿಯ ಅಪಾಯವಿದೆ.

• ಒದ್ದೆ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬಾರದು. ವಿದ್ಯುತ್ ತಂತಿ ಸಮೀಪವಿದ್ದರೆ ಮೊದಲು ಸಂಬಂಧಪಟ್ಟವರಿಗೆ ತಿಳಿಸಬೇಕು.

ಯಾವಾಗ ಮಾಡಿಸಬೇಕು?

ಶಿವರಾತ್ರಿಯಿಂದ ಯುಗಾದಿಯವರೆಗಿನ ಅವಧಿ ಸೂಕ್ತ. ಮೇ ತಿಂಗಳಲ್ಲಿ ಕೆಲಸಗಾರರು ಸಿಗುವುದು ಕಷ್ಟ, ಮೃಗಶಿರಾ ಮಳೆ ಹಿಡಿದ ಮೇಲೆ ಸಂದಿ ಒಣಗುವುದೇ ಇಲ್ಲ. ಅಕ್ಕಪಕ್ಕದ ನಾಲ್ಕಾರು ಮನೆಗಳವರು ಒಟ್ಟಾಗಿ ತಗಡು ಕೆಲಸದವರನ್ನು ಕರೆಸಿದರೆ ಪ್ರಯಾಣ ಮತ್ತು ಸಾಗಣೆಯ ಖರ್ಚು ಹಂಚಿಹೋಗುತ್ತದೆ. ಕೆಲಸ ಒಪ್ಪಿಸುವ ಮೊದಲು ಅಳತೆ, ತಗಡಿನ ದಪ್ಪ, ಕೂಲಿ ಹಾಗೂ ಸಾಮಗ್ರಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಶಾಲೆ ಅಡುಗೆಕೋಣೆ ಮತ್ತು ಅಂಗನವಾಡಿಗಳಲ್ಲಿ ಇಂತಹ ಸೋರಿಕೆ ಕಂಡುಬಂದರೆ, ಮುಖ್ಯಸ್ಥರು ಮಳೆಗಾಲಕ್ಕೆ ಮುಂಚೆಯೇ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸುವುದು.

ಆ ಅಜ್ಜಿಯ ಮನೆಯಲ್ಲಿ ಈ ಬೇಸಿಗೆಯಲ್ಲಿ ತಗಡು ಹಾಕಿಸಿ ಕೊಳವೆಯನ್ನು ಮತ್ತೆ ನಿಲ್ಲಿಸಲಾಯಿತು. ಎರಡು ಪಕಾಸುಗಳನ್ನು ಬದಲಿಸಬೇಕಾಗಿ ಬಂದದ್ದು ಮೂರು ವರ್ಷ ತಡವಾದುದರ ದಂಡ. ಇತರರು ಆ ದಂಡ ತೆರುವಂತಾಗಬಾರದು. ಆದುದರಿಂದ ಗ್ರಾಮಸ್ಥರು ಸೋರುತ್ತದೆಂದು ಹೊಗೆ ಕೊಳವೆಯನ್ನು ಕೀಳದೆ, ಸೋರುವ ಜಾಗವನ್ನು ಗುರುತಿಸಿ ಸಕಾಲದಲ್ಲಿ ಸರಿಪಡಿಸಿಕೊಳ್ಳಬೇಕೆಂದು ಈ ಮೂಲಕ ಕೋರಲಾಗಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ