ಮೂಗು ಸೋರಿದ ಮಾತ್ರಕ್ಕೆ ಸೈನಸ್ ಅಲ್ಲ

ಕ್ಲಾಸಿನಲ್ಲಿ ಯಾರಾದರೂ ಹಣೆ ಹಿಡಿದು ಕೂತರೆ ಪಕ್ಕದವರು ಕೇಳುವ ಮೊದಲ ಪ್ರಶ್ನೆ ‘ಸೈನಸ್ಸಾ?’ ಎಂಬುದು. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಅದಕ್ಕೆ ‘ನಜ್ಲಾ’ ಎನ್ನುತ್ತಾರೆ. ಬೆಂಗಳೂರಿನ ಚಳಿ, ರಸ್ತೆಯ ಧೂಳು, ಗಿಡಗಳ ಪರಾಗ ಎಲ್ಲ ಸೇರಿ ಬಹಳ ಜನಕ್ಕೆ ಮೂಗು ಕಟ್ಟುವುದು ನಿಜ. ಆದರೆ ಆ ತಲೆನೋವೆಲ್ಲ ಸೈನಸ್ಸಿನಿಂದಲೇ ಬರುತ್ತದೆಯೇ?

ನಮ್ಮ ಪಕ್ಕದಲ್ಲೇ, ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮಾತಾಡಿಸಿ ಒಂದು ಸಮೀಕ್ಷೆ ಮಾಡಿದ್ದಾರೆ. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಶೇ. 63.9 ಜನರಿಗೆ ತಲೆನೋವು ಬಂದಿತ್ತು. ಶೇ. 25.2 ಜನರಿಗೆ ಇದ್ದದ್ದು ಮೈಗ್ರೇನ್. ಅಂದರೆ ನಾಲ್ವರಲ್ಲಿ ಒಬ್ಬರು! ಮೈಗ್ರೇನ್‌ಗೆ ಕನ್ನಡದಲ್ಲಿ ‘ಅರೆತಲೆನೋವು’, ಉರ್ದುವಿನಲ್ಲಿ ‘ಆಧಾ ಸೀಸಿ’ ಎಂಬ ಹಳೆಯ ಹೆಸರುಗಳಿವೆ. ಎರಡೂ ಅರ್ಧ ತಲೆಯ ನೋವು ಎಂದೇ ಹೇಳುತ್ತವೆ. ಹೆಸರು ನಮ್ಮಲ್ಲೇ ಇದ್ದರೂ ನಾವು ಅದನ್ನು ಸೈನಸ್ ಎಂದೇ ಕರೆಯುತ್ತೇವೆ.

ಇದು ನಮ್ಮ ಊರಿನ ಗೊಂದಲ ಮಾತ್ರ ಅಲ್ಲ. ಅಮೆರಿಕದಲ್ಲಿ ‘ನನಗೆ ಸೈನಸ್ ತಲೆನೋವು’ ಎಂದುಕೊಂಡಿದ್ದ, ಅಥವಾ ವೈದ್ಯರೇ ಹಾಗೆ ಹೇಳಿದ್ದ 2,991 ಜನರನ್ನು ಪರೀಕ್ಷಿಸಿದಾಗ ಶೇ. 88 ಜನರ ಲಕ್ಷಣಗಳು ಮೈಗ್ರೇನ್‌ಗೆ ಹೊಂದಿದವು. ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು.

ಹಾಗಾದರೆ ಮೂಗು ಏಕೆ ಸೋರುತ್ತದೆ?

ಮುಖದ ನೋವು ಮತ್ತು ಸ್ಪರ್ಶವನ್ನು ಮೆದುಳಿಗೆ ತಲುಪಿಸುವುದು ಟ್ರೈಜೆಮಿನಲ್ ಎಂಬ ನರ. ಹಣೆ, ಕೆನ್ನೆ, ದವಡೆ ಮೂರಕ್ಕೂ ಇದರ ಕವಲುಗಳಿವೆ. ಸೈನಸ್ ಗೂಡುಗಳಿಗೂ ಇದೇ ನರ, ಮೆದುಳಿನ ಹೊದಿಕೆಗೂ ಇದೇ ನರ. ಅದು ಒಳಗಿನಿಂದ ಕೆರಳಿದರೂ ನೋವು ಕೆನ್ನೆಯಲ್ಲಿ, ಕಣ್ಣಿನ ಹಿಂದೆ ಕಾಣಬಹುದು. ಜೊತೆಗೆ ಕಣ್ಣೀರು ಮತ್ತು ಮೂಗಿನ ಸ್ರಾವವನ್ನು ನಡೆಸುವ ನರಗಳೂ ಎಚ್ಚರಗೊಳ್ಳುತ್ತವೆ. ಹೀಗೆ ಸೋಂಕು ಇಲ್ಲದೆಯೂ ಮೂಗು ಕಟ್ಟುತ್ತದೆ, ಸೋರುತ್ತದೆ.

ಅಪರೂಪದ ತಲೆನೋವುಗಳು

ಈ ಮೋಸ ಹೆಚ್ಚಾಗಿ ಆಗುವುದು ಕೆಲವು ಅಪರೂಪದ ತಲೆನೋವುಗಳಲ್ಲಿ.

ಕ್ಲಸ್ಟರ್ ತಲೆನೋವು: ಸುಮಾರು ಸಾವಿರದಲ್ಲಿ ಒಬ್ಬರಿಗೆ ಬರುತ್ತದೆ, ಗಂಡಸರಲ್ಲಿ ಹೆಚ್ಚು. ಒಂದೇ ಕಣ್ಣಿನ ಸುತ್ತ ಸಹಿಸಲಾಗದ ನೋವು, 15 ನಿಮಿಷದಿಂದ 3 ಗಂಟೆಯವರೆಗೆ. ಅದೇ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಕಟ್ಟುತ್ತದೆ. ಮೈಗ್ರೇನ್ ಬಂದವರು ಕತ್ತಲಲ್ಲಿ ಮಲಗಲು ಬಯಸಿದರೆ, ಇವರು ಕೂರಲಾರದೆ ಓಡಾಡುತ್ತಾರೆ. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಡುವುದು ಇದಕ್ಕೊಂದು ಚಿಕಿತ್ಸೆ.

ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ: ಇದೂ ಅದೇ ರೀತಿ, ಆದರೆ 2ರಿಂದ 30 ನಿಮಿಷ ಮಾತ್ರ. ದಿನಕ್ಕೆ ಹಲವು ಬಾರಿ ಬರುತ್ತದೆ.

ಹೆಮಿಕ್ರೇನಿಯಾ ಕಂಟಿನ್ಯುವಾ: ತಲೆಯ ಒಂದೇ ಬದಿಯಲ್ಲಿ ಮೂರು ತಿಂಗಳಿಗೂ ಮೀರಿ ಬಿಡದೆ ಇರುವ ನೋವು.

ಕೊನೆಯ ಎರಡೂ ಇಂಡೊಮೆಥಾಸಿನ್ ಎಂಬ ಔಷಧಿಗೆ ಪೂರ್ತಿ ಬಗ್ಗುತ್ತವೆ. ಅದನ್ನು ವೈದ್ಯರೇ ಬರೆದುಕೊಡಬೇಕು. ಸೈನಸ್ ಎಂದುಕೊಂಡು ಇದ್ದರೆ ಈ ಔಷಧಿಯ ಹೆಸರೇ ಬರುವುದಿಲ್ಲ.

ಸೈನಸ್ಸಿಗೆ ಸಂಬಂಧವೇ ಇಲ್ಲವೇ?

ಇದೆ. ತೀವ್ರ ಸೈನಸ್ ಸೋಂಕು ತಲೆನೋವು ತರುತ್ತದೆ. ಆಗ ಹಳದಿ ಅಥವಾ ಹಸಿರು ಬಣ್ಣದ ಗಟ್ಟಿ ಸಿಂಬಳ, ಜ್ವರ, ವಾಸನೆ ತಿಳಿಯದಿರುವುದು ಇವೂ ಕಾಣಬಹುದು. ಕ್ಲಸ್ಟರ್‌ನಂತೆಯೇ ಕಂಡ ನೋವು ಸೈನಸ್ ಚಿಕಿತ್ಸೆಯ ನಂತರ ನಿಂತ ಕೆಲವು ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅದಕ್ಕೇ ಇಂಥ ನೋವಿಗೆ ವೈದ್ಯರು ಸ್ಕ್ಯಾನ್ ಮಾಡಿಸುತ್ತಾರೆ. ಆದರೆ ಸ್ಕ್ಯಾನಿನಲ್ಲಿ ಸೈನಸ್ ಪೊರೆ ಸ್ವಲ್ಪ ದಪ್ಪ ಕಂಡರೆ ಅದೇ ನೋವಿನ ಕಾರಣ ಎನ್ನಲಾಗದು. ತಲೆನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ.

ಹೆಸರು ತಪ್ಪಾದರೆ ಏನು ನಷ್ಟ?

ಕಾಮರ್ಸ್ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಖರ್ಚನ್ನು ತಪ್ಪು ಖಾತೆಗೆ ಬರೆದರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತದೆ, ತಪ್ಪು ಹೊರಗೆ ಕಾಣುವುದಿಲ್ಲ. ತಲೆನೋವೂ ಹಾಗೆ. ಔಷಧಿ ಇಲ್ಲದಿದ್ದರೂ ಮೈಗ್ರೇನ್ 4ರಿಂದ 72 ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಅಷ್ಟರಲ್ಲಿ ನಾವು ಮೆಡಿಕಲ್ ಶಾಪಿನಿಂದ ತಂದ ಆಂಟಿಬಯೋಟಿಕ್ ನುಂಗಿರುತ್ತೇವೆ. ‘ಮಾತ್ರೆ ಕೆಲಸ ಮಾಡಿತು’ ಎಂದು ಲೆಕ್ಕ ಸರಿಹೋಗುತ್ತದೆ. ಮುಂದಿನ ತಿಂಗಳು ಮತ್ತೆ ನೋವು, ಮತ್ತೆ ಅದೇ ಮಾತ್ರೆ.

ಬೇಡದ ಆಂಟಿಬಯೋಟಿಕ್‌ನಿಂದ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ನೋವಿನ ಮಾತ್ರೆಯ ಅಪಾಯ ಬೇರೆ. ಸಾಮಾನ್ಯ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ತಿಂದರೆ ಮಾತ್ರೆಯೇ ತಲೆನೋವು ತರಬಲ್ಲದು. ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಶೇ. 1.2 ಜನರಲ್ಲಿ ಇಂಥ ನೋವು ಇರುವಂತೆ ಕಂಡಿತು.

ನಾವು ಮಾಡಬಹುದಾದದ್ದು

ಡೇ ಬುಕ್‌ನಂತೆ ಒಂದು ಪುಟ್ಟ ನೋಟ್‌ಬುಕ್ ಇಡಿ. ನೋವು ಬಂದ ದಿನ, ಯಾವ ಬದಿ, ಎಷ್ಟು ಹೊತ್ತು, ವಾಂತಿ ಬಂತೇ, ಬೆಳಕು ಕಿರಿಕಿರಿಯಾಯಿತೇ, ಸಿಂಬಳದ ಬಣ್ಣ, ನಿದ್ದೆ, ಬಿಟ್ಟ ಊಟ ಅಥವಾ ರೋಜಾ, ನುಂಗಿದ ಮಾತ್ರೆ ಎಲ್ಲ ಬರೆಯಿರಿ. ಒಂದು ತಿಂಗಳ ಈ ಲೆಕ್ಕ ವೈದ್ಯರಿಗೆ ಬಹಳ ಸಹಾಯ ಮಾಡುತ್ತದೆ.

ಇದ್ದಕ್ಕಿದ್ದಂತೆ ಹಿಂದೆಂದೂ ಬಾರದಷ್ಟು ಜೋರಾದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಕೈಕಾಲು ಬಲ ಕಡಿಮೆಯಾಗುವುದು, ತಲೆಗೆ ಪೆಟ್ಟು ಬಿದ್ದ ನಂತರದ ನೋವು ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಪದೇ ಪದೇ ರಜೆ ಹಾಕುವ ಸಹಪಾಠಿಯನ್ನು ‘ನೆಪ’ ಎಂದು ನಗುವ ಮೊದಲು, ವೈದ್ಯರಿಗೆ ತೋರಿಸಿದ್ದೀಯಾ ಎಂದು ಕೇಳೋಣ. ಅಧ್ಯಾಪಕರೂ ಕೇಳಿದರೆ ಇನ್ನೂ ಒಳ್ಳೆಯದು.