ಹುದ್ದೆಯ ಹೆಸರು ಒಂದೇ, ಮೆಟ್ಟಿಲು ಬೇರೆ

ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ‘ಪ್ರಧಾನ ವಿಜ್ಞಾನಿ’ ಎಂಬುದು ಬಡ್ತಿಯ ಏಣಿಯ ತುದಿ. ವೇತನ ಲೆವೆಲ್ 14. ತಿರುವನಂತಪುರದ ಪಾಪ್ಪನಂಕೋಡಿನಲ್ಲಿರುವ ಸಿಎಸ್‌ಐಆರ್ ಪ್ರಯೋಗಾಲಯ ಎನ್‌ಐಐಎಸ್‌ಟಿಯಲ್ಲಿ ಅದೇ ಹೆಸರಿನ ಹುದ್ದೆ ಲೆವೆಲ್ 13ರದು. ಅದರ ಮೇಲೆ ಹಿರಿಯ ಪ್ರಧಾನ ವಿಜ್ಞಾನಿ, ಮುಖ್ಯ ವಿಜ್ಞಾನಿ ಎಂಬ ದರ್ಜೆಗಳಿವೆ. ಮೊದಲನೆಯದು ಐಸಿಎಆರ್‌ಗೆ ಸೇರಿದ ಸಂಸ್ಥೆ. ಅಲ್ಲಿ ವಿಜ್ಞಾನಿ, ಹಿರಿಯ ವಿಜ್ಞಾನಿ, ಪ್ರಧಾನ ವಿಜ್ಞಾನಿ ಎಂಬ ಮೂರೇ ಹೆಸರುಗಳು, ವೇತನವೆಲ್ಲ ಯುಜಿಸಿ ಮಾದರಿಯದು.

ಕೊಚ್ಚಿಯ ಕುಸ್ಯಾಟ್, ತಿರುವನಂತಪುರದ ಕೇರಳ ವಿಶ್ವವಿದ್ಯಾಲಯಗಳಲ್ಲಿ ಒಂದು ಕಾಲದ ಲೆಕ್ಚರರ್, ರೀಡರ್ ಎಂಬ ಹೆಸರುಗಳು ಮರೆಯಾಗಿವೆ. 2018ರ ಯುಜಿಸಿ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಲೆವೆಲ್ 10ರಲ್ಲಿ 57,700 ರೂಪಾಯಿಯಿಂದ ಶುರು. ಲೆವೆಲ್ 11 ಮತ್ತು 12ಕ್ಕೆ ಏರಿದರೂ ಬಾಗಿಲ ಫಲಕ ಬದಲಾಗದು. 13ಎ ತಲುಪಿದಾಗ ಸಹ ಪ್ರಾಧ್ಯಾಪಕರು, 14ರಲ್ಲಿ ಪ್ರಾಧ್ಯಾಪಕರು. ಅದಕ್ಕೂ ಮೇಲಿನ ಹಿರಿಯ ಪ್ರಾಧ್ಯಾಪಕ ಹುದ್ದೆ ಮಂಜೂರಾದ ಪ್ರಾಧ್ಯಾಪಕ ಹುದ್ದೆಗಳ ಶೇ 10ನ್ನು ಮೀರುವಂತಿಲ್ಲ. ಇದೇ ತಿರುವನಂತಪುರ ಜಿಲ್ಲೆಯ ವಿತುರದಲ್ಲಿರುವ ಐಸರ್‌ನಲ್ಲಾದರೋ ಗ್ರೇಡ್ 1 ಸಹಾಯಕ ಪ್ರಾಧ್ಯಾಪಕರು ಲೆವೆಲ್ 12ರಲ್ಲಿ, 1,01,500 ರೂಪಾಯಿಗೆ ಸೇರುತ್ತಾರೆ. ಅರ್ಜಿ ಹಾಕುವವರು ಹುದ್ದೆಯ ಹೆಸರಿಗಿಂತ ಲೆವೆಲ್ಲನ್ನು ಮೊದಲು ನೋಡುವುದು ಜಾಣತನ.

ಬಾಹ್ಯಾಕಾಶ ಮತ್ತು ರಕ್ಷಣಾ ಸಂಸ್ಥೆಗಳಲ್ಲಿ ಅಕ್ಷರಗಳದೇ ಕಾರುಬಾರು. ಕೊಚ್ಚಿಯ ತೃಕ್ಕಾಕರದ ನೌಕಾ ಪ್ರಯೋಗಾಲಯ ಎನ್‌ಪಿಒಎಲ್ ಡಿಆರ್‌ಡಿಒಗೆ ಸೇರಿದ್ದು. ಅಲ್ಲಿಗೆ ಸೇರುವವರು ‘ಸೈಂಟಿಸ್ಟ್ ಬಿ’. ತುಂಬಾದಲ್ಲಿರುವ ಇಸ್ರೊದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದಲ್ಲಿ ಆರಂಭದ ದರ್ಜೆ ‘ಎಸ್‌ಸಿ’. ಎರಡೂ ಲೆವೆಲ್ 10, ಮೂಲ ವೇತನ 56,100 ರೂಪಾಯಿ. ಇಸ್ರೊದ ‘ಎಸ್‌ಸಿ’ಯನ್ನು ಡಿಆರ್‌ಡಿಒದ ‘ಸಿ’ಗೆ ಸಮ ಎಂದುಕೊಂಡರೆ ಲೆಕ್ಕ ಒಂದು ಮೆಟ್ಟಿಲು ತಪ್ಪುತ್ತದೆ. ಈ ವ್ಯತ್ಯಾಸ ಮೇಲೂ ಹಾಗೇ ಸಾಗುತ್ತದೆ: ಇಸ್ರೊದ ‘ಎಸ್‌ಜಿ’ 13ಎ, ಡಿಆರ್‌ಡಿಒದ ‘ಜಿ’ 14. ಇಲ್ಲಿನ ಬಡ್ತಿಗೆ ಮೇಲಿನ ಹುದ್ದೆ ಖಾಲಿಯಾಗಬೇಕಿಲ್ಲ. ನಿಗದಿತ ಸೇವಾವಧಿಯ ಬಳಿಕ ಕೆಲಸದ ಮೌಲ್ಯಮಾಪನ, ಸಂದರ್ಶನಗಳಲ್ಲಿ ಗೆದ್ದವರು ಕೂತಲ್ಲೇ ಮೇಲೇರುತ್ತಾರೆ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಂತೂ ಒಂದೇ ಆಡಳಿತದಡಿ ಎರಡು ಏಣಿಗಳಿವೆ. ಆಸ್ಪತ್ರೆಯ ವೈದ್ಯರು ಪ್ರಾಧ್ಯಾಪಕ ಶ್ರೇಣಿಯವರು. ಪೂಜಪ್ಪುರದ ಜೈವಿಕ ವೈದ್ಯಕೀಯ ತಂತ್ರಜ್ಞಾನ ವಿಭಾಗದವರು ಅಕ್ಷರ ಶ್ರೇಣಿಯ ವಿಜ್ಞಾನಿಗಳು. 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದ ಚಿತ್ರಾ ಹೃದಯ ಕವಾಟ ಇಬ್ಬರ ಕೈ ಸೇರಿದ ಕೆಲಸ.

ಎಲ್ಲ ಕಡೆಯೂ ಏಣಿಯ ಬುಡದಲ್ಲಿರುವವರು ಸಂಶೋಧನಾ ವಿದ್ಯಾರ್ಥಿಗಳು. 2023ರಿಂದ ಕೇಂದ್ರದ ಕಿರಿಯ ಫೆಲೋಶಿಪ್ ತಿಂಗಳಿಗೆ 37,000, ಹಿರಿಯ ಫೆಲೋಶಿಪ್ 42,000 ರೂಪಾಯಿ. ಇದು ಸಂಬಳವಲ್ಲ, ಶಿಷ್ಯವೇತನ. ಆದ್ದರಿಂದ ಇದಕ್ಕೆ ಲೆವೆಲ್ಲೂ ಇಲ್ಲ, ಬಡ್ತಿಯ ಹಕ್ಕೂ ಇಲ್ಲ.